ಒಂದು ಸೇರು ತವುಡು

ಹುಣಸೇಕೊಪ್ಪಲು, ಗುಂಡ್ಲುಪೇಟೆ ತಾಲ್ಲೂಕು
15 ಜೂನ್ 2025

ರಘು,

ಮೈಸೂರಿನ ಡಾಕ್ಟರು ನನ್ನ ಬಲಗಿವಿ ಮುಗಿಯಿತು, ಎಡಗಿವಿಯನ್ನಾದರೂ ಉಳಿಸಿಕೊಳ್ಳಿ ಎಂದರು. ಫೋನಿನಲ್ಲಿ ನೀನು ಮಾತಾಡಿದರೆ ಡಬ್ಬಿಯೊಳಗೆ ದುಂಬಿ ಸಿಕ್ಕಿಕೊಂಡ ಹಾಗೆ ಕೇಳುತ್ತದೆ. ಮೆಸೇಜು ಮಾಡಿದರೆ ‘ಓಕೆ ಅಕ್ಕ’ ಎಂದು ಬರುತ್ತದೆ. ಅದಕ್ಕೇ ಪತ್ರ. ಭಾನುವಾರ ಮಧ್ಯಾಹ್ನ ಬರೆಯುತ್ತೇನೆ, ಅಂಗನವಾಡಿಯ ಮೊಟ್ಟೆ ತರಲು ಪೇಟೆಗೆ ಹೋದಾಗ ಡಬ್ಬಿಗೆ ಹಾಕುತ್ತೇನೆ. ಚಾಮರಾಜನಗರದ ಕಚೇರಿಯಲ್ಲಿ ದಿನವೆಲ್ಲ ಕಂಡವರ ಕಡತಕ್ಕೆ ಬರೆಯುವವನಿಗೆ ಅಕ್ಕನಿಗೊಂದು ಪುಟ ಭಾರವಾಗಬಾರದು.

ಹೋದ ತಿಂಗಳು ನಾನು ಕಳಿಸಿದ ಫೋಟೋದಲ್ಲಿ ನಮ್ಮ ಪಕ್ಕದ ಮನೆ ಮೂಗವ್ವನ ಸೊಂಟದ ಮೇಲಿರುವ ಮಗು ಯಾರದು ಎಂದು ನೀನು ಕೇಳಿದ್ದೆ. ಅವಳದೇ. ಎಪ್ಪತ್ತೈದರಲ್ಲಿ ಹೆತ್ತಳೇ ಎಂದು ನಗಬೇಡ. ನಿನ್ನನ್ನು ಕೊಂಡ ಹಾಗೆಯೇ ಒಂದು ಸೇರು ತವುಡು ಕೊಟ್ಟು ಕೊಂಡಳು.

ಅವಳ ಹಿತ್ತಿಲ ಮನೆಯಲ್ಲಿ ಮೂರು ವರ್ಷದಿಂದ ಅಸ್ಸಾಮಿನ ಗಂಡಹೆಂಡತಿ ಬಾಡಿಗೆಗಿದ್ದಾರೆ. ಜೊಯ್ನಾಲ್ ತೆರಕಣಾಂಬಿ ಮಾರ್ಕೆಟ್ಟಿನಲ್ಲಿ ಕೇರಳದ ಲಾರಿಗಳಿಗೆ ಕೋಸು, ಈರುಳ್ಳಿ ಲೋಡು ಮಾಡುತ್ತಾನೆ. ಸಾಹೆರಾ ಅರಿಶಿನದ ಹೊಲಕ್ಕೆ ಕಳೆಗೆ ಹೋಗುತ್ತಾಳೆ. ಅವರ ಊರಿನಲ್ಲಿ ಹುಟ್ಟಿದ ಎರಡು ಮಕ್ಕಳು ವರ್ಷ ತುಂಬುವ ಮೊದಲೇ ಹೋದವಂತೆ. ಮೂರನೆಯದು ಇಲ್ಲೇ, ಹೋದ ವರ್ಷದ ಹಿಂದಿನ ವರ್ಷ ಸಂಕ್ರಾಂತಿ ಕಳೆದ ಮೇಲೆ ಹುಟ್ಟಿತು. ಮೂಗವ್ವ ಬಾಣಂತಿಯ ಮುಂದೆ ಕೂತು, “ಎಲ್ಡು ಓಗವೆ ಅಂದ್ರೆ ಇದ್ನ ನಿನ್ನ ಎಸ್ರಲ್ಲಿ ಇಕ್ಕಬ್ಯಾಡ ಕಣವ್ವ. ನನ್ಗೆ ಮಾರ್ಬುಡು” ಎಂದಳು. ‘ಮಾರು’ ಎನ್ನುವುದೊಂದು ಜೊಯ್ನಾಲನಿಗೆ ತಿಳಿಯಿತು. ಮೂಟೆ ಎತ್ತುವ ಕೊಕ್ಕೆ ಹಿಡಿದು ಬಾಗಿಲಿಗೆ ಅಡ್ಡ ನಿಂತುಬಿಟ್ಟ. ನಾನು ಹೋಗಿ ಅರ್ಧ ಹಿಂದಿ, ಅರ್ಧ ಕೈಸನ್ನೆಯಲ್ಲಿ ಬಿಡಿಸಿ ಹೇಳಿದೆ. ನನ್ನ ತಮ್ಮನನ್ನೂ ಹೀಗೇ ಕೊಂಡಿದ್ದು, ಅವನೀಗ ಸರ್ಕಾರಿ ನೌಕರ ಎಂದೆ. ಅದಕ್ಕೇ ಒಪ್ಪಿದ, ನೋಡು.

ನಿನ್ನ ಹೊತ್ತಿನಲ್ಲಿ ನನಗೆ ಆರು ವರ್ಷ. ಅವ್ವ ನಿನ್ನನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲಿಟ್ಟು ಬಂದಿದ್ದು, ಮೂಗವ್ವ ತವುಡು ಸುರಿದು ನಿನ್ನನ್ನೆತ್ತಿಕೊಂಡು, “ನನ್ ಕೂಸ ನೀನು ಸಾಕ್ಕೊಡು” ಎಂದು ಅವ್ವನ ಮಡಿಲಿಗೇ ಹಾಕಿದ್ದು ಕಣ್ಣಲ್ಲಿದೆ. ಇದೂ ಹಾಗೇ ನಡೆಯಿತು. ಅದರ ಕಟ್ಟಳೆ ನಿನಗೂ ಗೊತ್ತು. ಕೊಂಡವಳು ಬದುಕಿರುವ ತನಕ ಯಾರು ಕೇಳಿದರೂ ‘ನನ್ನದು’ ಎನ್ನಬೇಕು. ಒಂದೇ ಒಂದು ಸಲ ‘ನನ್ನದಲ್ಲ’ ಎಂದರೆ ಮೊದಲಿನ ಕೂಸುಗಳನ್ನು ಕೊಂಡೊಯ್ದ ಸಾವು ಇದಕ್ಕೂ ಬರುತ್ತದೆ.

ತಂದೆತಾಯಿ ನೂರಿ ಎನ್ನುತ್ತಾರೆ. ಊರಿಗೆಲ್ಲ ತವುಡಿ. ನಿನ್ನ ಜೊತೆ ಓದಿದ ಚಿಕ್ಕಮಲ್ಲಪ್ಪ ಈಗ ಪಂಚಾಯ್ತಿ ಮೆಂಬರು. ಮೊನ್ನೆ ಟೀ ಅಂಗಡಿಯಿಂದ, “ಏನ್ ಮೂಗವ್ವ, ಬಾಂಗ್ಲಾದ್ ಮಗಳ್ನ ಎತ್ಕಂಡು ಎತ್ಲಾಗ್ ಒಂಟೆ?” ಎಂದ. ಅವಳು, “ನಿಮ್ಮಪ್ಪನ್ ಎಲ್ಡನೇ ಮದ್ವೆಗ್ ಓಯ್ತಾ ಇವ್ನಿ, ಬತ್ತಿಯೇನ್ಲಾ?” ಎಂದಳು. ನಕ್ಕರು ಎಲ್ಲರೂ. ಅವನು ಮಾತ್ರ ನಗಲಿಲ್ಲ.

ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ. ಯಾವಾಗ ಬರುತ್ತೀ?

ನಿನ್ನ ನೀಲಕ್ಕ


ಚಾಮರಾಜನಗರ
24 ಜೂನ್ 2025

ಅಕ್ಕ,

ಪತ್ರ ತಲುಪಿತು. ಕಿವಿಗೆ ತಣ್ಣೀರು ತಗುಲದಂತೆ ನೋಡಿಕೋ. ಇಲ್ಲಿ ಎಲ್ಲರೂ ಆರೋಗ್ಯ. ಕಚೇರಿಯಲ್ಲಿ ಈಚೆಗೆ ಕೆಲಸ ಹೆಚ್ಚಾಗಿದೆ, ಭಾನುವಾರವೂ ಹೋಗುತ್ತಿದ್ದೇನೆ. ಸದ್ಯಕ್ಕೆ ಬರಲು ಆಗದು.

ಆ ಮನೆಯವರ ವಿಷಯ ಓದಿದೆ. ಕೆಲವು ಸಂಗತಿ ಸ್ಪಷ್ಟವಾಗಲಿಲ್ಲ. ಅವರು ಅಸ್ಸಾಮಿನ ಯಾವ ಜಿಲ್ಲೆಯವರು? ಕಾಗದಪತ್ರ ಏನೇನಿವೆ, ನೀನು ಕಣ್ಣಾರೆ ಕಂಡಿದ್ದೀಯಾ? ಮಗುವಿಗೆ ಅಂಗನವಾಡಿಯ ಆಹಾರ ಸಿಗುತ್ತಿದೆ ಎಂದುಕೊಂಡಿದ್ದೇನೆ. ಹಾಗಿದ್ದರೆ ದಾಖಲೆಯಲ್ಲಿ ತಾಯಿಯ ಹೆಸರು ಏನೆಂದಿದೆ? ತಿಳಿದುಕೊಳ್ಳೋಣ ಎಂದು ಕೇಳಿದೆ, ಬೇರೇನಿಲ್ಲ.

ಚಿಕ್ಕಮಲ್ಲಪ್ಪ ಒರಟ. ಆದರೆ ಅವನ ಮಾತೆಲ್ಲ ದ್ವೇಷ ಎಂದುಕೊಳ್ಳಬೇಡ. ಒಂದು ದೇಶಕ್ಕೆ ತನ್ನೊಳಗೆ ಯಾರು ಬಂದರು, ಎಲ್ಲಿಂದ ಬಂದರು ಎಂದು ಕೇಳುವ ಹಕ್ಕಿದೆ. ಕೇಳುವುದರಿಂದ ಪ್ರಾಮಾಣಿಕರಿಗೆ ನಷ್ಟವಿಲ್ಲ ಎಂದು ನನ್ನ ನಂಬಿಕೆ.

ಇನ್ನೊಂದು. ನನ್ನ ಬಗೆಗಿನ ಆ ತವುಡಿನ ಕಥೆ ಸುಧಾಮಣಿಗೆ ತಿಳಿಯದು. ಮದುವೆಯಾಗಿ ಹನ್ನೆರಡು ವರ್ಷವಾದ ಮೇಲೆ ತಿಳಿಯುವ ಅಗತ್ಯವೂ ಇಲ್ಲ. ಪತ್ರಗಳನ್ನು ಅವಳೂ ಓದುತ್ತಾಳೆ. ಇನ್ನು ಮೇಲೆ ಕಚೇರಿಯ ವಿಳಾಸಕ್ಕೆ ಬರೆ.

ನಿನ್ನ ತಮ್ಮ
ರಘುನಾಥ


ಹುಣಸೇಕೊಪ್ಪಲು
6 ಜುಲೈ 2025

ರಘು,

ನೀನು ಇಷ್ಟೊಂದು ಕೇಳಿದ್ದು ನೋಡಿ ಸಂತೋಷವಾಯಿತು. ಊರನ್ನು ಮರೆತೇಬಿಟ್ಟ ಎಂದುಕೊಂಡಿದ್ದೆ.

ಅವರು ಬರ್ಪೇಟಾ ಜಿಲ್ಲೆಯವರು. ನದಿಯ ನಡುವಿನ ಮರಳು ದಿಬ್ಬದ ಮೇಲೆ ಊರಂತೆ. ನದಿ ದಿಬ್ಬವನ್ನು ತಿಂದಾಗಲೆಲ್ಲ ಇನ್ನೊಂದು ದಿಬ್ಬಕ್ಕೆ ಹೋಗುವುದು. ಹೀಗೆ ಐದು ಸಲ ಮನೆ ಕಟ್ಟಿದ್ದಾರೆ. ಆಧಾರ್ ಇದೆ, ಜೊಯ್ನಾಲನ ತಂದೆಯ ಹೆಸರಿರುವ ಹಳೆಯ ವೋಟರ್ ಪಟ್ಟಿಯ ಜೆರಾಕ್ಸ್ ಇದೆ. ಆದರೆ ಪಟ್ಟಿಯಲ್ಲಿರುವ ಊರು ಈಗ ನೀರಿನ ಕೆಳಗಿದೆ. ನಾನೂ ಸುಮ್ಮನೆ ನಂಬಲಿಲ್ಲ, ಮನೆ ಕೊಡಿಸುವ ಮೊದಲು ಎಲ್ಲ ಬಿಚ್ಚಿಸಿ ನೋಡಿದೆ. ಸಾಹೆರಾ ಒಂದೊಂದನ್ನೂ ಪ್ಲಾಸ್ಟಿಕ್ ಕವರಿನಿಂದ ತೆಗೆದು, ನಾನು ನೋಡಿ ಮುಗಿಸುವ ತನಕ ಅದರ ಒಂದು ಮೂಲೆ ಹಿಡಿದೇ ಇದ್ದಳು. ಆಮೇಲೆ ನನಗೆ ನಾಚಿಕೆಯಾಯಿತು.

ತಾಯಿಯ ಹೆಸರು ಕೇಳಿದ್ದೀಯ. ಇದು ನಿನಗೆ ಮಾತ್ರ. ನಮ್ಮ ಮೊಬೈಲ್ ಆ್ಯಪಿನಲ್ಲಿ ತಾಯಿಯ ಆಧಾರ್ ಹಾಕಿದರೆ ಅವಳ ಫೋನಿಗೆ ನಂಬರು ಬರಬೇಕು, ಆಗಲೇ ಮೊಟ್ಟೆ, ಪುಷ್ಟಿ ಹಿಟ್ಟು ಎಲ್ಲ. ಸಾಹೆರಾಳ ಆಧಾರಿಗೆ ಸೇರಿಸಿದ ಫೋನು ಅಲ್ಲೇ ನದಿ ಪಾಲಾಗಿದೆ. ಆರು ತಿಂಗಳು ಅಲೆದೆ, ಆಗಲಿಲ್ಲ. ಮಗು ತೂಕಕ್ಕೆ ಬರುತ್ತಿರಲಿಲ್ಲ. ಕೊನೆಗೆ ಮೂಗವ್ವನ ಆಧಾರ್ ಹಾಕಿ ತಾಯಿ ಮೂಗಮ್ಮ ಎಂದು ಬರೆದೆ. ಊರಿಗೆ ಗೊತ್ತಿರುವುದನ್ನೇ ಬರೆದಿದ್ದೇನೆ ಎಂದು ಸಮಾಧಾನ ಮಾಡಿಕೊಂಡೆ. ಈಗ ತವುಡಿ ಹನ್ನೊಂದು ಕೇಜಿ. ಮಾತು ಕೇಳಬೇಕು ನೀನು. “ನಾ ಬರಾಕಿಲ್ಲ, ನೀ ಓಗು” ಎಂದು ನನಗೇ ಗದರುತ್ತದೆ. ಅವರ ಭಾಷೆಯ ಒಂದು ಮಾತೂ ಬಾರದು.

ಮೊನ್ನೆ ಸಾಹೆರಾ ಹಿಟ್ಟಿನ ಪೊಟ್ಟಣ ತೆಗೆದುಕೊಳ್ಳಲು ಬಂದವಳು, “ದೀದಿ, ಅವಳು ನನಗೆ ಅಕ್ಕ ಹೇಳ್ತಾಳೆ. ನಾನು ಅಮ್ಮ ಆಗೋದು ಯಾವಾಗ?” ಎಂದಳು. ತಮಾಷೆಗೆ ಅಂದಳು. ನಮ್ಮ ರಘುವೂ ಏಳು ವರ್ಷದ ತನಕ ಹೆತ್ತವಳನ್ನು ಅಕ್ಕ ಎಂದೇ ಕರೆಯುತ್ತಿದ್ದ, ಆಮೇಲೆ ತಾನೇ ಸರಿಹೋಯಿತು ಎಂದೆ. ತಲೆಯಾಡಿಸಿ ಹೋದಳು. ಪೊಟ್ಟಣ ಇಲ್ಲೇ ಮರೆತಿದ್ದಳು.

ಚಿಕ್ಕಮಲ್ಲಪ್ಪನ ಜೊತೆ ಜಗಳವಾಯಿತು. ಅವನು ಹೇಳಿದ್ದನ್ನೇ ಬರೆಯುತ್ತೇನೆ. “ನೀಲಮ್ಮೋರೆ, ನಾನೇನ್ ರಾಕ್ಷಸನಾ? ನನ್ ಹೊಲದ್ ಅರಿಶ್ನನೂ ಅವ್ರೇ ಕೀಳಾದು. ಆದ್ರೆ ನಮ್ ಹೈಕ್ಳು ಲೋಡಿಂಗ್‌ಗೆ ಓದ್ರೆ ‘ಜಾಗ ಇಲ್ಲ, ನಡಿ’ ಅಂತರೆ. ಮೊದ್ಲು ಐದ್ ಮನೆ ಬಂದೊ, ಈಗ ಇಪ್ಪತ್ತದೆ. ಇವ್ರು ಯಾರು ಅಂತ ಕೇಳುದ್ರೆ ನಾನ್ ಕೆಟ್ಟೋನಾ?” ಅಷ್ಟರಲ್ಲಿ ಮೂಗವ್ವ, “ಲೋ, ನೀನು ಊರ್ಗೆ ಬಂದೋನೇ ಅಲ್ವೇನ್ಲಾ? ನಿಮ್ ತಾತ ಸತ್ಯಮಂಗಲ್‌ದಿಂದ ಗಂಟು ಒತ್ಕಂಡು ಬಂದಾಗ ಮಜ್ಗೆ ಉಯ್ದೋಳು ನಮ್ಮತ್ತೆ” ಎಂದಳು. ಅವನು ಲೋಟ ಕುಕ್ಕಿ ಎದ್ದುಹೋದ. ಅವಳು ಹಾಗೆ ಅನ್ನಬಾರದಿತ್ತು. ಅದು ನಿಜವಾದ್ದರಿಂದಲೇ ಅನ್ನಬಾರದಿತ್ತು.

ನೀಲಕ್ಕ


ಚಾಮರಾಜನಗರ
12 ಜುಲೈ 2025

ಅಕ್ಕ,

ತಾಯಿಯ ಕಾಲಂನಲ್ಲಿರುವ ಹೆಸರನ್ನು ತಕ್ಷಣ ತಿದ್ದು. ನಾಳೆಯೇ. ಹೇಗೆ ತಿದ್ದುತ್ತೀಯೋ, ಏನು ಕಾರಣ ಬರೆಯುತ್ತೀಯೋ ನಿನಗೆ ಬಿಟ್ಟದ್ದು.

ಈ ವಿಷಯ ಮೊಬೈಲಿಗೆ ಹಾಕಬೇಡ, ಯಾರೊಡನೆಯೂ ಆಡಬೇಡ. ಈ ಪತ್ರವನ್ನು ಓದಿದ ಮೇಲೆ ಹರಿದುಬಿಡು. ನಿನ್ನದನ್ನು ನಾನೂ ಹಾಗೆಯೇ ಮಾಡಿದ್ದೇನೆ.

ರಘುನಾಥ


ಹುಣಸೇಕೊಪ್ಪಲು
10 ಆಗಸ್ಟ್ 2025

ರಘು,

ನಿನ್ನ ಪತ್ರ ಬಂದ ಮಾರನೆಯ ದಿನವೇ ತಿದ್ದಲು ಕೂತೆ. ಆ್ಯಪು ಬಿಡಲಿಲ್ಲ. ಒಂದು ಸಲ ಒಪ್ಪಿದ ಹೆಸರನ್ನು ಮೇಲಿನವರೇ ತಿದ್ದಬೇಕಂತೆ. ಮೇಲಿನವರನ್ನು ಕೇಳಿದರೆ ಯಾಕೆ ಎನ್ನುತ್ತಾರೆ. ಹಾಗೇ ಉಳಿಯಿತು.

ಬುಧವಾರ ಮೂರು ಜನ ಅಧಿಕಾರಿಗಳು ಜೀಪಿನಲ್ಲಿ ಬಂದರು. ಇಪ್ಪತ್ತು ಮನೆಯವರನ್ನೂ ಶಾಲೆಯ ಮುಂದೆ ಕೂರಿಸಿ ಕಾಗದಗಳನ್ನು ಪಡೆದುಕೊಂಡರು. ಜೊಯ್ನಾಲನನ್ನು ಮಾತ್ರ ಬೇರೆ ಕೂರಿಸಿದರು. ಆಮೇಲೆ ನನ್ನ ಹತ್ತಿರ ಬಂದು ತವುಡಿಯ ಹೆಸರು ಹೇಳಿ ದಾಖಲೆ ಕೇಳಿದರು. ಅರವತ್ತು ಮಕ್ಕಳಿದ್ದಾರೆ ರಘು ನನ್ನಲ್ಲಿ. ಅವರಿಗೆ ಬೇಕಾದದ್ದು ಒಂದೇ. ಹುಡುಕಲಿಲ್ಲ, ನೇರವಾಗಿ ಅದಕ್ಕೇ ಬಂದರು.

ಮೂಗವ್ವನನ್ನು, “ಈ ಮಗು ಯಾರದಮ್ಮ?” ಎಂದು ಕೇಳಿದರು.

“ನಂದು.”

“ನೀವು ಹೆತ್ತಿದ್ದಾ?”

“ಇಲ್ಲ ಸ್ವಾಮಿ, ತಕಂಡಿದ್ದು. ತವುಡ್ ಕೊಟ್ಟು.”

“ಯಾರಿಂದ ತಗೊಂಡ್ರಿ?”

ಅವಳು ಸಾಹೆರಾಳನ್ನು ತೋರಿಸಿದಳು. ಅದನ್ನು ಬರೆದುಕೊಂಡು, ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿಕೊಂಡರು. ನಾನು ಕಟ್ಟಳೆಯನ್ನು ವಿವರಿಸಲು ಹೋದೆ. ಬಂದವರೆಲ್ಲ ಬೇರೆ ಕಡೆಯವರು. ಒಬ್ಬ, “ತಾಯಿ ಮಗುವನ್ನು ತಿಪ್ಪೆ ಮೇಲೆ ಹಾಕಿದ್ದು ನಿಜ ತಾನೇ?” ಎಂದು ಅದನ್ನೂ ಬರೆದುಕೊಂಡ. ಪಕ್ಕದಲ್ಲಿದ್ದ ಚಿಕ್ಕಮಲ್ಲಪ್ಪ ಬಾಯಿ ತೆರೆದ, ಮತ್ತೆ ಮುಚ್ಚಿದ. ಅವನ ತಂಗಿಯನ್ನೂ ತವುಡು ಕೊಟ್ಟೇ ಕೊಂಡದ್ದು.

ನನಗೆ ಮೆಮೊ ಬಂದಿದೆ. ‘ದಿನಾಂಕ 6 ಜುಲೈ 2025ರ ಖಚಿತ ಮಾಹಿತಿಯ ಮೇರೆಗೆ’ ಎಂದಿದೆ. ಯಾರು ಹೇಳಿರಬಹುದು? ದಾಖಲೆ ನೋಡಬಲ್ಲವಳು ಸಹಾಯಕಿ ಮಲ್ಲಮ್ಮ ಒಬ್ಬಳೇ. ಹತ್ತು ವರ್ಷ ಒಂದೇ ಒಲೆಯಲ್ಲಿ ಅಡುಗೆ ಮಾಡಿದವರು ನಾವು. ನಿನ್ನೆ ಅವಳ ಮುಖದ ಮೇಲೆ ಕೀಲಿಕೈ ಎಸೆದೆ. “ನನ್ ಮಕ್ಕಳಾಣೆ ನೀಲಕ್ಕ” ಎಂದು ಅತ್ತಳು. ನಂಬಲಿಲ್ಲ.

ನಿನ್ನ ಕಚೇರಿಗೆ ಇಂಥ ಕಡತ ಬರುತ್ತದೆಯೇ? ಬಂದರೆ ಒಂದಿಷ್ಟು ನೋಡು.

ನೀಲಕ್ಕ


ಚಾಮರಾಜನಗರ
18 ಆಗಸ್ಟ್ 2025

ಅಕ್ಕ,

ಮಲ್ಲಮ್ಮನವರ ಹತ್ತಿರ ಕ್ಷಮೆ ಕೇಳು. ಅವರಲ್ಲ.

ಹೊರಗಿನಿಂದ ಬಂದವರ ಪಟ್ಟಿ ಜೂನ್ ಮೊದಲ ವಾರದಿಂದ ನನ್ನ ಮೇಜಿನ ಮೇಲಿದೆ. ಇದನ್ನು ನಿನಗೆ ಹೇಳುವ ಹಾಗಿರಲಿಲ್ಲ. ನಿಮ್ಮೂರಿನ ಬಗ್ಗೆ ಚಿಕ್ಕಮಲ್ಲಪ್ಪ ಅರ್ಜಿ ಕೊಡುತ್ತಾನೆ ಎಂದು ತಿಳಿಯಿತು. ಅದು ಬರುವ ಮೊದಲೇ ದಾಖಲೆಯ ತಪ್ಪು ನಮ್ಮ ಕಡೆಯಿಂದ ಗಮನಕ್ಕೆ ಬಂದಂತಿದ್ದರೆ ಸಣ್ಣ ತಿದ್ದುಪಡಿಯಲ್ಲಿ ಮುಗಿಯುತ್ತದೆ ಎಂದು ಎಣಿಸಿದೆ. ಕಡತದಲ್ಲಿ ನಾಲ್ಕು ಸಾಲಿನ ಟಿಪ್ಪಣಿ ಬರೆದೆ. ನಿನ್ನ ಹೆಸರು ಬರೆಯಲಿಲ್ಲ. ನಮ್ಮ ವ್ಯವಸ್ಥಾಪಕ ಗುರುಪಾದಸ್ವಾಮಿಯವರು ಮಾಹಿತಿಗೆ ಆಧಾರ ಕೇಳಿದರು. ಆಧಾರವಿಲ್ಲದ ಟಿಪ್ಪಣಿ ನಿಲ್ಲುವುದಿಲ್ಲ. ನಿನ್ನ ಜುಲೈ ಪತ್ರದ ಎರಡನೆಯ ಪುಟವನ್ನು ಮಾತ್ರ ತೋರಿಸಿದೆ. ಅವರು ಅದನ್ನು ಹಿಂದಕ್ಕೆ ಕೊಡಲಿಲ್ಲ.

ಮಾಡಿದ್ದು ನಿನ್ನ ಒಳ್ಳೆಯದಕ್ಕೆ. ಈಗ ಆ ವಾದದಿಂದ ಉಪಯೋಗವಿಲ್ಲ.

ಸೆಪ್ಟೆಂಬರ್ 12ರ ಶುಕ್ರವಾರ ಗುಂಡ್ಲುಪೇಟೆಯಲ್ಲಿ ವಿಚಾರಣೆ ಇದೆ. ಇರುವುದು ಎರಡೇ ದಾರಿ. ಮೂಗವ್ವ ಮಗು ತನ್ನದೆಂದೇ ಹೇಳಿದರೆ ಇದು ಮಗುವಿನ ಮಾರಾಟವಾಗುತ್ತದೆ. ಗಂಡಹೆಂಡತಿಯ ಮೇಲೆ ಮೊಕದ್ದಮೆ, ಮಗು ಸರ್ಕಾರದ ಮಕ್ಕಳ ಮನೆಗೆ. ಮಗು ತನ್ನದಲ್ಲ, ಸಾಹೆರಾಳದು ಎಂದು ಹೇಳಿದರೆ ಮಾರಾಟದ ಮಾತು ಬಿದ್ದುಹೋಗುತ್ತದೆ. ಆಗ ಉಳಿಯುವುದು ಅವರ ಕಾಗದದ ಪರಿಶೀಲನೆ. ಅದಕ್ಕೆ ಅವರನ್ನು ಬೇರೆ ಕಡೆಗೆ ಕರೆದೊಯ್ಯುತ್ತಾರೆ. ಮಗು ತಾಯಿಯ ಜೊತೆ ಇರುತ್ತದೆ.

ಎರಡನೆಯದನ್ನು ಹೇಳುವಂತೆ ಮೂಗವ್ವನಿಗೆ ತಿಳಿಸಿ ಹೇಳು. ಒಂದು ಮಾತು, ಅಷ್ಟೇ.

ರಘುನಾಥ


ಹುಣಸೇಕೊಪ್ಪಲು
24 ಆಗಸ್ಟ್ 2025

ರಘು,

ಮಲ್ಲಮ್ಮನ ಮನೆಗೆ ಹೋಗಿದ್ದೆ. ಬಾಗಿಲು ತೆರೆಯಲಿಲ್ಲ. ಹೊರಗೆ ನಿಂತೇ ಹೇಳಿ ಬಂದೆ.

ನಿನ್ನ ಬಗ್ಗೆ ಬರೆಯಬೇಕಾದದ್ದು ಬಹಳ ಇದೆ. ಈಗ ಬೇಡ. ಇನ್ನು ಹತ್ತೊಂಬತ್ತು ದಿನ ಇದೆ.

ಮೂಗವ್ವನಿಗೆ ನಿನ್ನ ಎರಡು ದಾರಿಯನ್ನೂ ಹೇಳಿದೆ. “ನಂದಲ್ಲ ಅಂದ್ರೆ ಕೂಸು ಉಳಿಯಾಕಿಲ್ಲ ಕಣಮ್ಮಿ. ನನ್ ಬಾಯಲ್ಲಿ ಅದ ಸಾಯ್ಸು ಅಂತೀಯಾ?” ಎಂದಳು. ಕಾನೂನು ಹಾಗಲ್ಲ ಎಂದೆ. “ನಿನ್ ಕಾನೂನು ಅದ ಬದುಕ್ಸಿತ್ತಾ? ಬದುಕ್ಸಿದ್ದು ನನ್ ತವುಡು” ಎಂದಳು. ನಾನು ಓದಿದವಳು, ಮಗುವನ್ನು ಬದುಕಿಸಿದ್ದು ಮೊಟ್ಟೆ ಮತ್ತು ಲಸಿಕೆ ಎಂದು ನನಗೆ ಗೊತ್ತು.

ಸಾಹೆರಾ ಈಗ ಮಗುವನ್ನು ಹೊಲಕ್ಕೂ ಎತ್ತಿಕೊಂಡೇ ಹೋಗುತ್ತಾಳೆ. ದಾರಿಯುದ್ದಕ್ಕೂ ‘ಮಾ, ಮಾ’ ಎಂದು ಕಲಿಸುತ್ತಾಳೆ. ಅದು ನಗುತ್ತದೆ, “ಅಕ್ಕ” ಎನ್ನುತ್ತದೆ. ಅವತ್ತು ಅವಳು ತಮಾಷೆಗೆ ಕೇಳಿರಲಿಲ್ಲ. ನನ್ನ ಒಳ್ಳೆಯ ಕೆಲಸದಲ್ಲಿ ನಾನು ಅಷ್ಟು ಮುಳುಗಿದ್ದೆ. ಅವಳ ಮಗುವಿಗೆ ನಮ್ಮ ಹೆಸರು, ನಮ್ಮ ಮಾತು, ನಮ್ಮ ತಾಯಿಯನ್ನು ಕೊಟ್ಟು, ಸೇರಿಸಿಕೊಂಡೆವು ಎಂದು ಬೀಗಿದೆ. ಬೇಕೇ ಎಂದು ಅವಳನ್ನು ಕೇಳಿರಲಿಲ್ಲ. ಬೇಡ ಎಂದರೆ ಮನೆ ಬಿಡಿಸುತ್ತಾರೆ ಎಂದು ಹೆದರಿದ್ದಳಂತೆ.

ಮೂರನೆಯ ದಾರಿ ಇದೆ. ನೀನು ಬಾ. ಹನ್ನೆರಡನೆಯ ತಾರೀಕು ಬಂದು, ನನ್ನನ್ನೂ ಇದೇ ಮೂಗಮ್ಮ 1984ರಲ್ಲಿ ಹೀಗೇ ಕೊಂಡಳು, ನಾನು ನನ್ನ ತಾಯಿಯ ಮನೆಯಲ್ಲೇ ಬೆಳೆದೆ, ಶಾಲೆಯಲ್ಲಿ ಮೊದಲು ತವುಡಯ್ಯ ಎಂದೇ ಇತ್ತು, ಹತ್ತನೆಯ ತರಗತಿಗೆ ಮೊದಲು ಮೇಷ್ಟ್ರು ರಘುನಾಥ ಎಂದು ಬದಲಾಯಿಸಿದರು ಎಂದು ಹೇಳು. ಸರ್ಕಾರಿ ನೌಕರ ಅಷ್ಟು ಹೇಳಿದರೆ ಇದು ಮಾರಾಟವಲ್ಲ, ಮಗು ಉಳಿಯಲಿ ಎಂದು ಮಾಡುವ ಶಾಸ್ತ್ರ ಎಂದು ಯಾರಾದರೂ ಒಪ್ಪುತ್ತಾರೆ. ಮೂಗವ್ವ ಆ ಮಾತು ಆಡಬೇಕಾಗಿಲ್ಲ. ಮಗು ಹೆತ್ತವಳ ಮಡಿಲಿನಿಂದ ಹೋಗಬೇಕಾಗಿಲ್ಲ. ಚಿಕ್ಕಮಲ್ಲಪ್ಪನನ್ನೂ ಕೇಳಿದೆ, ತಂಗಿಯ ವಿಷಯ ಹೇಳು ಎಂದು. ಅವಳ ಗಂಡನ ಮನೆಯಲ್ಲಿ ಗೊತ್ತಿಲ್ಲ ಎಂದ. ತಲೆ ತಗ್ಗಿಸಿ ಎಂದ, ಅಷ್ಟಾದರೂ ಇತ್ತು.

ನಿನ್ನಿಂದ ಆದದ್ದನ್ನು ನೀನೇ ಸರಿಮಾಡಬಹುದು. ಬರುತ್ತೀಯಾ?

ನೀಲಾವತಿ


ಚಾಮರಾಜನಗರ
4 ಸೆಪ್ಟೆಂಬರ್ 2025

ಅಕ್ಕ,

ನಿನ್ನ ಪತ್ರವನ್ನು ಮೂರು ಸಲ ಓದಿದೆ.

ನೀನು ಹೇಳಿದಷ್ಟು ಇದು ಸರಳವಲ್ಲ. ಕಡತದಲ್ಲಿ ಟಿಪ್ಪಣಿ ಬರೆದವನೇ ಸಾಕ್ಷಿಯಾಗಿ ನಿಲ್ಲುವುದು ನಿಯಮಕ್ಕೆ ಹೊಂದುವುದಿಲ್ಲ. ನನ್ನ ಬಡ್ತಿಯ ಆದೇಶ ಈ ತಿಂಗಳು ಬರಬೇಕು. ಬಡ್ತಿಗೆ ಹುಟ್ಟಿನ ದಾಖಲೆ, ಹೆಸರು ಬದಲಾದ ದಾಖಲೆ ಎಲ್ಲ ಮತ್ತೆ ನೋಡುತ್ತಾರೆ. ಈ ಹೊತ್ತಿನಲ್ಲಿ ನಾನೇ ಎದ್ದು ನಿಂತು ನನ್ನ ಹೆಸರು ಬೇರೆ ಇತ್ತು, ನನ್ನನ್ನೊಬ್ಬರು ಕೊಂಡಿದ್ದರು ಎಂದು ಬರೆಸಿದರೆ ಅದು ಕಾಗದದ ಮೇಲೆ ಶಾಶ್ವತವಾಗಿ ಉಳಿಯುತ್ತದೆ. ಕಾಗದದ ಮೇಲೆ ಬಂದದ್ದಕ್ಕೆ ಕಾರಣ ಇರುವುದಿಲ್ಲ, ಅದನ್ನು ನಾನು ದಿನವೂ ನೋಡುತ್ತೇನೆ.

ಅಲ್ಲದೆ ಆ ದಿನ ನನಗೆ ಬೇರೆ ಕೆಲಸವಿದೆ. ಗುಂಡ್ಲುಪೇಟೆಗೆ ಬರಲಾಗದು.

ಮೂಗವ್ವನನ್ನು ಒಪ್ಪಿಸು. ನಂಬಿಕೆಗಿಂತ ಮಗುವಿನ ಹಿತ ದೊಡ್ಡದು.

ರಘುನಾಥ


ಚಾಮರಾಜನಗರ
16 ಸೆಪ್ಟೆಂಬರ್ 2025

ಅಕ್ಕ,

ವಿಚಾರಣೆಯಲ್ಲಿ ಹೇಳಿಕೆಗಳನ್ನು ಬರೆದುಕೊಳ್ಳಬೇಕಾಗಿದ್ದವರು ರಜೆ ಹಾಕಿದ್ದರಿಂದ ಹಿಂದಿನ ಸಂಜೆ ನನ್ನನ್ನು ನೇಮಿಸಿದರು. ನೀನು ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಕಂಡೆ. ಮಾತಾಡಿಸುವುದು ಸರಿಯಾಗುತ್ತಿರಲಿಲ್ಲ.

ಒಳಗೆ ನಡೆದದ್ದನ್ನು ತಿಳಿಸುತ್ತೇನೆ, ನಿನ್ನ ಮನಸ್ಸಿಗೆ ಸಮಾಧಾನವಾಗಲಿ. ಮೊದಲು ಮಗುವನ್ನು ನಿನ್ನ ಅವ್ವ ಯಾರು ಎಂದು ಕೇಳಿದರು. ಅದು ಮೂಗವ್ವನ ಕಡೆಗೆ ಕೈ ಚಾಚಿತು. ಮೂಗವ್ವ ಅದನ್ನು ಎತ್ತಿಕೊಳ್ಳಲಿಲ್ಲ. ಈ ಮಗು ನನ್ನದಲ್ಲ, ಸಾಹೆರಾಳದು ಎಂದು ಸ್ಪಷ್ಟವಾಗಿ ಹೇಳಿದರು. ಅದು ದಾಖಲಾಗಿದೆ. ಮಾರಾಟದ ಆರೋಪವನ್ನು ಕೈಬಿಟ್ಟರು. ನಿನ್ನ ಮೇಲಿನ ಕ್ರಮ ಎಚ್ಚರಿಕೆಯಲ್ಲಿ ಮುಗಿಯಬಹುದು. ಎಲ್ಲವೂ ಇದ್ದುದರಲ್ಲಿ ಒಳ್ಳೆಯದಾಗಿಯೇ ಮುಗಿಯಿತು.

ನನ್ನ ಬಡ್ತಿಯ ಆದೇಶ ನಿನ್ನೆ ಬಂತು. ದಸರಾ ಆದ ಮೇಲೆ ಒಂದು ದಿನ ಸುಧಾಮಣಿಯನ್ನೂ ಕರೆದುಕೊಂಡು ಬರೋಣ ಎಂದಿದ್ದೇನೆ.

ರಘುನಾಥ


ಹುಣಸೇಕೊಪ್ಪಲು
5 ಅಕ್ಟೋಬರ್ 2025

ರಘು,

ಕಿವಿ ಕೇಳದವಳಿಗೆ ಬಾಗಿಲ ಹೊರಗೆ ಕೂತರೆ ಏನೂ ತಿಳಿಯುವುದಿಲ್ಲ. ನೀನು ಬಾಗಿಲು ದಾಟಿ ಒಳಗೆ ಹೋಗಿದ್ದು ಕಂಡಿತು, ಅಷ್ಟೇ. ಬಂದೇಬಿಟ್ಟ, ಹೇಳಲು ಬಂದ ಎಂದುಕೊಂಡೆ. ಅವತ್ತು ತಾನಾಗಿಯೇ ಜೊತೆಗೆ ಬಂದು ಪಕ್ಕದಲ್ಲಿ ಕೂತಿದ್ದ ಮಲ್ಲಮ್ಮನ ಕೈ ಹಿಡಿದುಕೊಂಡೆ. ಮುಕ್ಕಾಲು ಗಂಟೆ ಹಾಗೆಯೇ ಹಿಡಿದಿದ್ದೆ.

ಹಿಂದಿನ ಸಂಜೆ ಸಾಹೆರಾ ಬಂದು ಮೂಗವ್ವನ ಕಾಲು ಹಿಡಿದಿದ್ದಳು. “ಅವ್ವ, ನಿಮ್ಮದಲ್ಲ ಹೇಳಿ. ಸತ್ತರೂ ನನ್ನ ಹತ್ತಿರ ಸಾಯಲಿ” ಎಂದಳು. ಮೂಗವ್ವ ಅವಳ ತಲೆ ಸವರಿದಳು. ಹಾಗಾಗಿ ಆ ಮಾತನ್ನು ಅವಳಿಂದ ಹೊರಡಿಸಿದ್ದು ನೀನಲ್ಲ, ನಾನೂ ಅಲ್ಲ.

ವಿಚಾರಣೆ ಮುಗಿದು ಆ ಮೂವರನ್ನೂ ವ್ಯಾನು ಹತ್ತಿಸುವಾಗ ಮಗುವಿನ ಮೈ ಬೆಚ್ಚಗಿತ್ತು. ನನ್ನ ಚೀಲದಲ್ಲಿದ್ದ ಜ್ವರದ ಸಿರಪ್ಪಿನ ಬಾಟಲಿ ಕೊಟ್ಟೆ. ಎಲ್ಲಿಗೆ ಎಂದು ಕೇಳಿದರೆ ಯಾರೂ ಹೇಳಲಿಲ್ಲ. ಜೊಯ್ನಾಲನ ಫೋನು ಅವತ್ತಿನಿಂದ ಸ್ವಿಚ್ ಆಫ್. ಮಲ್ಲಮ್ಮ ದಿನಕ್ಕೆರಡು ಸಲ ನನ್ನ ಪರವಾಗಿ ಮಾಡಿ ನೋಡುತ್ತಾಳೆ. ಇಪ್ಪತ್ಮೂರು ದಿನವಾಯಿತು. ಇಪ್ಪತ್ತು ಮನೆಯಲ್ಲಿ ಈಗ ಎರಡರಲ್ಲಿ ಮಾತ್ರ ಒಲೆ ಉರಿಯುತ್ತದೆ, ಉಳಿದವರು ಹೇಳದೆ ಕೇಳದೆ ಹೋದರು. ಚಿಕ್ಕಮಲ್ಲಪ್ಪ ಮೊನ್ನೆ ಬಂದು ಜಗುಲಿಯ ಮೇಲೆ ಕೂತ. “ಕೂಸಿಗ್ ಜ್ವರ ಇತ್ತಂತಲ್ಲ, ಏನಾರ ಸುದ್ದಿ ಬಂತಾ?” ಎಂದ. ಇಲ್ಲ ಎಂದೆ. “ನಾನು ಕೇಳಿದ್ದು ಕಾಗ್ದ ನೋಡಿ ಅಂತವ. ಕೂಸ್ನ ಒತ್ಕಂಡೋಗಿ ಅನ್ಲಿಲ್ಲ” ಎಂದ. ಎದ್ದು ಹೋದ.

ಈಗ ನೀನು ಬರೆಯದೆ ಬಿಟ್ಟದ್ದು.

ಮೂಗವ್ವ ಆವತ್ತಿನಿಂದ ಒಂದು ಮಾತೂ ಆಡಿರಲಿಲ್ಲ. ನಿನ್ನ ಪತ್ರ ಓದಿ, ರಘು ದಸರಾ ಆದ ಮೇಲೆ ಬರುತ್ತಾನಂತೆ ಎಂದು ನಾನು ಹೇಳಿದಾಗ ಬಾಯಿಬಿಟ್ಟಳು. ಕೇಳಿಸಲಿ ಎಂದು ನನ್ನ ಎಡಗಿವಿಯ ಹತ್ತಿರವೇ ಬಂದು ಹೇಳಿದಳು. ಅವಳ ಮಾತಿನಲ್ಲೇ ಬರೆಯುತ್ತೇನೆ.

“ತವುಡೀದು ಆದ್ಮೇಲೆ ಸಾಯೇಬ್ರು ಇನ್ನೊಂದ್ ಕೇಳುದ್ರು ಕಣಮ್ಮಿ. ಇದ್ಕೆ ಮುಂಚೆ ಯಾವ್ದಾರ ಮಗೀನ ಇಂಗೆ ತಕಂಡಿದ್ಯಾ ಅಂತ. ನಮ್ ತವುಡ ಅಲ್ಲೇ ಮೇಜಿನ್ ಮುಂದೆ ಕುಂತು ಬರೀತಿದ್ದ. ಪೆನ್ನು ನಿಲ್ಲಿಸ್ಬುಟ್ಟ. ನನ್ನ ನೋಡ್ತನೆ, ನೋಡ್ತನೆ ಅಂತ ಕಾದೆ. ತಲೆ ಎತ್ನಿಲ್ಲ. ಕಿವಿ ಎಲ್ಲ ಕೆಂಪಗಾಗಿತ್ತು. ಸಣ್ಣೋನಾಗಿದ್ದಾಗ ಏನಾರ ಕದ್ ತಿಂದ್ರೆ ಅಂಗೇ ಆಗದು. ಪಾಪ ಅನ್ನುಸ್ತು. ಇಲ್ಲ ಸ್ವಾಮಿ, ಇನ್ಯಾವ ಮಗೀವೂ ನಂದಲ್ಲ ಅಂದ್ಬುಟ್ಟೆ. ಅವ್ನು ಅದ್ನೂ ಬರ್ಕಂಡ.”

ನಿನ್ನ ಮರ್ಯಾದೆ ಉಳಿಯಲಿ ಎಂದು ಹೇಳಿದ್ದಾಳೆ. ನಲವತ್ತೊಂದು ವರ್ಷ ಯಾರು ಕೇಳಿದರೂ ‘ನಂದು’ ಎಂದವಳು. ಬರೆದುಕೊಂಡವನು ನೀನೇ ಆದ್ದರಿಂದ ಅವಳ ಮಾತು ಎಷ್ಟು ಸ್ಪಷ್ಟವಾಗಿತ್ತು ಎಂದು ನಿನಗೇ ಗೊತ್ತು.

ಅವತ್ತಿನಿಂದ ಎರಡು ಹೊತ್ತೂ ಅನ್ನ ಬಿಟ್ಟಿದ್ದಾಳೆ, ಬರೀ ಮಜ್ಜಿಗೆ. ಅಂಚೆಯವನು ಬಂದರೆ ನನಗಿಂತ ಮೊದಲು ಅವಳು ಏಳುತ್ತಾಳೆ. ತವುಡಿಯ ಸುದ್ದಿ ಕೇಳುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳುವುದು ಇಬ್ಬರದು.

ನಾನು ಇದನ್ನೆಲ್ಲ ನಂಬುವವಳಲ್ಲ. ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ಲಸಿಕೆ ಹಾಕಿಸುತ್ತಿರುವವಳು, ನಂಬಿದರೆ ನನ್ನ ಕೆಲಸಕ್ಕೆ ಅರ್ಥವಿಲ್ಲ. ಆದರೂ ಈಗ ಬರಬೇಡ. ಹೆದ್ದಾರಿಯಲ್ಲಂತೂ ಬರಬೇಡ, ಲಾರಿಗಳು ರಾತ್ರಿ ಬಂಡೀಪುರದ ಕಾಡಿನ ಗೇಟು ಮುಚ್ಚುವ ಮೊದಲು ದಾಟಬೇಕೆಂದು ಕಣ್ಣು ಮುಚ್ಚಿ ಓಡಿಸುತ್ತವೆ. ಕಚೇರಿಯ ಮೆಟ್ಟಿಲು ಇಳಿಯುವಾಗ ನೋಡಿಕೊಂಡು ಇಳಿ. ಸಣ್ಣ ಜ್ವರ ಬಂದರೂ ಡಾಕ್ಟರ ಹತ್ತಿರ ಹೋಗು. ಈ ಪತ್ರ ಸಿಕ್ಕಿದ ದಿನವೇ ಉತ್ತರ ಹಾಕು. ಮಗುವಿನ ವಿಷಯ ತಿಳಿದಿದ್ದರೆ ಒಂದು ಸಾಲು ಬರೆ. ನಿನ್ನದೊಂದು ಸಾಲು ಬರೆ. ಚೆನ್ನಾಗಿದ್ದೇನೆ ಎಂದು ಬರೆಯಬೇಕಾಗಿಲ್ಲ. ಇದ್ದೇನೆ ಎಂದರೆ ಸಾಕು.

ನೀಲಕ್ಕ